ನಳ ಅವರದು, ಕಾಮಾಲೆ ನಮ್ಮದು

ನನ್ನ ನೆಗೆಣ್ಣಿಯ ಫೋಟೋ ಮೊದಲ ಸಲ ಪೇಪರಿನಲ್ಲಿ ಬಂದ ದಿನ ನಾನು ಆ ಪುಟವನ್ನೇ ಹಾಸಿಕೊಂಡು ಮೆಂತ್ಯದ ಪಲ್ಯ ಸೋಸಿದೆ. ಬೇಕೆಂದೇ ಸೋಸಿದೆ. ಬೇರು, ಮಣ್ಣು, ಹಳದಿ ಎಲೆ ಎಲ್ಲ ಅವಳ ನಗುಮುಖದ ಮೇಲೆ ಬಿದ್ದವು. ಓಣಿಯ ಕೊಳಕು ನೀರಿನ ವಿರುದ್ಧ ಕೋರ್ಟಿಗೆ ಹೋದ ಧೈರ್ಯದ ಹೆಣ್ಣುಮಗಳು ಎಂದು ಫೋಟೋದ ಕೆಳಗೆ ಮರಾಠಿಯಲ್ಲಿ ಬರೆದಿದ್ದರು. ಕಸವನ್ನೆಲ್ಲ ಅದೇ ಪೇಪರಿನಲ್ಲಿ ಸುತ್ತಿ ಒಗೆದು ಬಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆದರೆ ಸಂಜೆ ಮಗಳು ಕಾಲೇಜಿನಿಂದ ಬಂದವಳು ಇನ್ನೊಂದು ಪ್ರತಿ ಕೊಂಡು ತಂದಿದ್ದಳು. ಕತ್ತರಿಸಿ, ತನ್ನ ಓದುವ ಮೇಜಿನ ಮೇಲೆ ಗೋಡೆಗೆ ಅಂಟಿಸಿದಳು. ಅದರ ಮೇಲೆ ನಾನು ಪಲ್ಯ ಸೋಸುವಂತಿರಲಿಲ್ಲ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮಿರಜದ ನಮ್ಮ ಮನೆ ಮೊದಲು ಒಂದೇ ಆಗಿತ್ತು. ಅತ್ತೆ ಮಾವ ಹೋದ ಮೇಲೆ ಅಣ್ಣತಮ್ಮಂದಿರು ನಡುವೆ ಗೋಡೆ ಎತ್ತಿದರು. ಪಾಲು ಮಾಡುವಾಗ ದೊಡ್ಡ ಅಡುಗೆಮನೆ ನಮಗೆ ಬಂತು. ದೇವರ ಮಾಡ ಮತ್ತು ಅದರ ಪಕ್ಕದ ನಳ ಅವರಿಗೆ ಹೋದವು. ನಳದಿಂದ ಒಂದು ಪೈಪು ಗೋಡೆ ಕೊರೆದು ನಮ್ಮ ಕಡೆಗೂ ಬಂದಿತ್ತಾದ್ದರಿಂದ ನಾನು ಚಕಾರ ಎತ್ತಲಿಲ್ಲ. ಅಡುಗೆಮನೆ ನನಗೆ ಸಿಕ್ಕಿತೆಂದು ತವರಿಗೆ ಫೋನು ಮಾಡಿ ಹೇಳಿದ್ದೂ ಉಂಟು. ನಳದ ಪಟ್ಟಿ, ಅಂದರೆ ನೀರಿನ ಬಿಲ್ಲು, ಮೈದುನನ ಹೆಂಡತಿಯ ಹೆಸರಿಗೆ ಬರತೊಡಗಿತು. ಅದು ಒಂದು ದಿನ ನನ್ನ ಹೊಟ್ಟೆ ಉರಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನೀರು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಬೆಳಿಗ್ಗೆ ಬರುವ ಮೊದಲ ನೀರು ಚಹಾದ ಬಣ್ಣಕ್ಕಿರುತ್ತಿತ್ತು, ಆಮೇಲೆ ತಿಳಿಯಾಗುತ್ತಿತ್ತು. ನಾವು ನಳದ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿದೆವು. ರಾಡಿ ತಳಕ್ಕೆ ಕೂರಲೆಂದು ಹಂಡೆಯಲ್ಲಿ ತುರಟಿ, ಅಂದರೆ ಪಟಿಕ, ಆಡಿಸಿದೆವು. ಮಿರಜದಲ್ಲಿ ಹೆಂಗಸಾದವಳಿಗೆ ಇಷ್ಟು ಬರಲೇಬೇಕು. ಆಮೇಲೆ ನೀರಿಗೆ ಗಟಾರದ ವಾಸನೆ ಹತ್ತಿತು. ಓಣಿಯಲ್ಲಿ ಗಟಾರವೂ ನೀರಿನ ಪೈಪೂ ಅಕ್ಕಪಕ್ಕ ಮಲಗಿವೆ, ಎರಡೂ ನಮ್ಮ ಅತ್ತೆಗಿಂತ ಹಳೆಯವು. ಮನೆಮನೆಯಲ್ಲಿ ಹೊಟ್ಟೆನೋವು, ವಾಂತಿ ಶುರುವಾಯಿತು. ನಮ್ಮ ಮನೆಗೆ ಕಾಮಾಲೆ ಬಂತು.

ಮಗಳು ಆಗ ಹನ್ನೆರಡನೆಯ ಇಯತ್ತೆ. ಪರೀಕ್ಷೆ ಹತ್ತಿರ ಬಂದಿತ್ತು. ಕಣ್ಣು ಹಳದಿಯಾಯಿತು, ಉಗುರು ಹಳದಿಯಾಯಿತು, ಹಾಸಿಗೆ ಹಿಡಿದಳು. ವಿಜಯಪುರ, ಬೆಳಗಾವಿ ಕಡೆಯಿಂದ ಜನ ರೈಲು ಹತ್ತಿ ಮಿರಜದ ದವಾಖಾನೆಗೆ ಬಂದು ಹುಷಾರಾಗಿ ಹೋಗುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಇಲ್ಲಿಯ ನೀರು ಕುಡಿದು ಮಲಗಿದಳು. ಪರೀಕ್ಷೆ ತಪ್ಪಿತು, ವರ್ಷ ಹೋಯಿತು. ಜೊತೆಯವರೆಲ್ಲ ಮುಂದಿನ ವರ್ಗಕ್ಕೆ ಹೋದಾಗ ಅವಳು ಕಿಡಕಿಯ ಕಡೆ ಬೆನ್ನು ಮಾಡಿ ಮಲಗುತ್ತಿದ್ದಳು.

ಆ ದಿನಗಳಲ್ಲಿ ನೆಗೆಣ್ಣಿ ಮಾಲಗಾಂವದಿಂದ ಕಬ್ಬಿನ ಹಾಲು ತರುತ್ತಿದ್ದಳು. ಅದು ಅವಳ ತವರು, ಬಸ್ಸು ಹತ್ತಿ ಇಳಿಯುವಷ್ಟು ಹತ್ತಿರ. ಅಪ್ಪನ ಹೊಲದ ಕಬ್ಬು, ಅಣ್ಣನೇ ಗಾಣಕ್ಕೆ ಹಾಕಿಸಿ ಕೊಟ್ಟದ್ದು. ಕಾಮಾಲೆಗೆ ಅದು ತಂಪು ಎಂದು ನಮ್ಮಲ್ಲಿ ನಂಬಿಕೆ. ನಾನು ಮಾಡಿದ ಗಂಜಿ ಆರಿ ಕೆನೆಗಟ್ಟುತ್ತಿತ್ತು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ; ಕಾಕು ತಂದ ಕಬ್ಬಿನ ಹಾಲನ್ನು ಮಗಳು ಕಾಕುವಿನ ಕೈಯಿಂದಲೇ ಕುಡಿಯುತ್ತಿದ್ದಳು. ನನ್ನ ತವರು ಜತ್ತದ ಆಚೆಯ ಒಣ ಹಳ್ಳಿ. ಅಲ್ಲಿಂದ ನಾನು ಏನು ತರಲಿ, ಸಜ್ಜೆ ರೊಟ್ಟಿಯೇ? ಬಾಗಿಲ ಸಂದಿನಿಂದ ಅವರಿಬ್ಬರನ್ನು ನೋಡಿ ನನ್ನ ಕರುಳು ಚುರ್ ಎನ್ನುತ್ತಿತ್ತು. ಮಗಳು ಕುಡಿಯುತ್ತಿದ್ದಾಳೆಂಬ ಸಂತೋಷ ಇರಲಿಲ್ಲವೆಂದಲ್ಲ. ಅದರ ಪಕ್ಕದಲ್ಲೇ ಇದೂ ಇತ್ತು.

ನೀರು ಬಿಡುವ ಕಚೇರಿಗೆ ಮೊದಲು ಬಾಟಲಿ ಹಿಡಿದುಕೊಂಡು ಹೋದವಳು ನಾನು. ಇದನ್ನು ಓಣಿಯಲ್ಲಿ ಯಾರನ್ನಾದರೂ ಕೇಳಿರಿ. ಮೇಜಿನ ಹಿಂದಿನವರು ಬಾಟಲಿಯ ಮುಚ್ಚಳ ತೆಗೆದು, ಮೂಗು ತಿರುಗಿಸಿ, ನೋಡುತ್ತೇವೆ ಎಂದರು. ಮತ್ತೆ ಹೋದಾಗಲೂ ಅದನ್ನೇ ಅಂದರು. ನಾನು ಮರಾಠಿ ಮಾತಾಡಿದರೆ ಕನ್ನಡ ಮಾತಾಡಿದಂತೆಯೇ ಕೇಳಿಸುತ್ತದೆ. ಅವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಕಡೆಗೆ ಓಣಿಯವರೆಲ್ಲ ಸೇರಿ ಸಾಂಗ್ಲಿಯ ಒಬ್ಬ ವಕೀಲರನ್ನು ಹಿಡಿದೆವು.

ವಕೀಲರು ನಮ್ಮ ಕಟ್ಟೆಯ ಮೇಲೆ ಕುಳಿತು ತಿಳಿಸಿ ಹೇಳಿದರು. ಎಲ್ಲರೂ ಕೋರ್ಟಿಗೆ ಓಡಾಡಬೇಕಿಲ್ಲ. ಒಬ್ಬರು ಮುಂದೆ ನಿಂತು ಎಲ್ಲರ ಪರವಾಗಿ ದಾವೆ ಹಾಕಬಹುದು. ಕಾಗದದ ಮೇಲೆ ಅವರ ಹೆಸರು ಬರುತ್ತದೆ, ಅದರ ಬೆನ್ನಿಗೆ ‘ಮತ್ತು ಇತರರು’ ಎಂದು ಬರುತ್ತದೆ. ಓಣಿಯವರೆಲ್ಲ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಆಗ ವಕೀಲರು, ನಳ ಯಾರ ಹೆಸರಿಗಿದೆ, ಎಂದು ಕೇಳಿದರು.

ನಳ ನನ್ನ ಹೆಸರಿಗಿರಲಿಲ್ಲ. ಕಾಯ್ದೆಯ ಕಣ್ಣಿಗೆ ನಮ್ಮ ಮನೆಯಲ್ಲಿ ನೀರೇ ಬರುತ್ತಿರಲಿಲ್ಲ. ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಮೊದಲ ಹೆಸರು ಗಟ್ಟಿಯಾಗಿರಬೇಕು, ಎಂದರು ವಕೀಲರು. ನೆಗೆಣ್ಣಿ ಹಿಂದೆ ಎಲ್ಲೋ ಚಹಾದ ಕಪ್ಪು ಎತ್ತಿಡುತ್ತಿದ್ದಳು. ಅವಳನ್ನು ಕರೆದು ಮುಂದೆ ಕೂರಿಸಿದರು. ಅವಳ ಮರಾಠಿ ಬೆಣ್ಣೆಯಂತಿತ್ತು, ಮಾಲಗಾಂವದಲ್ಲಿ ಮರಾಠಿ ಶಾಲೆ ಕಲಿತವಳು. ವಕೀಲರು ಖುಷಿಯಾದರು. ಹೀಗೆ ನಳ ಅವರದು, ಕಾಮಾಲೆ ನಮ್ಮದು, ಹೆಸರು ಅವಳದು ಎಂದಾಯಿತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಹಾಗೆ. ನಾನು ‘ಇತರರು’ ಆದೆ.

ಕೋರ್ಟಿನ ತಾರೀಖು ಇದ್ದ ದಿನ ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಾಂಗ್ಲಿಯ ಬಸ್ಸು ಹತ್ತುವಳು. ಮಗಳು ಮತ್ತೆ ಪರೀಕ್ಷೆ ಕಟ್ಟಿ ಪಾಸಾಗಿ ವಿಶ್ರಾಮಬಾಗದ ಕಾಲೇಜಿಗೆ ಹೋಗುತ್ತಿದ್ದಳು. ಅವಳೂ ಕಾಕುವಿನ ಜೊತೆ ಅದೇ ಬಸ್ಸಿನಲ್ಲಿ. ಕೆಲವು ಸಲ ಕಾಲೇಜು ಬಿಟ್ಟು ಕೋರ್ಟಿಗೇ ಹೋಗಿಬಿಡುವಳು. ಬಂದ ಮೇಲೆ ಕಾಕು ಹೀಗೆ ಅಂದಳು, ಕಾಕುವಿಗೆ ವಕೀಲರು ಹಾಗೆ ಅಂದರು ಎಂದು ಉಣ್ಣುವಾಗಲೂ ಅದೇ ಮಾತು. ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದು ಕಡಿಮೆ. ಮನಸ್ಸು ಬಿಚ್ಚಬೇಕಾದರೆ ಮರಾಠಿಗೆ ಹೊರಳುತ್ತಾಳೆ, ಮರಾಠಿಗೆ ಹೊರಳಿದರೆ ಕಾಕುವಿನ ಕಡೆ ಹೊರಳುತ್ತಾಳೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು. ಕೋರ್ಟಿನಲ್ಲಿ ನಿಂತು, ಜಡ್ಜ ಸಾಹೇಬರ ಮುಖ ನೋಡಿ, ನನ್ನ ಮಗಳಿಗೆ ಈ ನೀರು ಏನು ಮಾಡಿತು ಎಂದು ನನ್ನ ಬಾಯಿಂದ ಹೇಳಬೇಕಾಗಿತ್ತು. ಮಗಳು ಹಿಂದೆ ಕುಳಿತು ಅದನ್ನು ಕೇಳಬೇಕಾಗಿತ್ತು. ಒಲೆಯ ಮುಂದೆ ಕುಕ್ಕರು ಕೂಗುವವರೆಗೆ ನಾನು ಆ ಮಾತನ್ನು ಬಾಯಿಬಿಟ್ಟೇ ಹೊಂದಿಸುತ್ತಿದ್ದೆ. ಒಮ್ಮೆ ಗಂಡ ಕುಪವಾಡದ ಫ್ಯಾಕ್ಟರಿಯಿಂದ ಬಂದವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕೈಕಾಲು ತೊಳೆದು ಬಂದು ಕುಳಿತು, “ನಿನ್ನ ಹೊಟ್ಟ್ಯಾನ ಉರಿ ಮ್ಯಾಲ ನೀರ ಕಾಯಾಕಿಟ್ರ ಗ್ಯಾಸರೆ ಉಳೀತೈತಿ” ಎಂದರು. ಆ ದಿನ ಅವರಿಗೆ ಪಲ್ಯ ಕಡಿಮೆ ಬಡಿಸಿದೆ.

ಕೋರ್ಟು ನೀರಿನ ಪರೀಕ್ಷೆ ಮಾಡಿಸಲು ಹೇಳಿತು. ಮೊದಲ ಹೆಸರಿನವರ ನಳದಿಂದಲೇ ನೀರು ಒಯ್ಯಬೇಕೆಂದು ಆಯಿತು. ನೀರು ಒಯ್ಯುವವರು ಬರುವ ಹಿಂದಿನ ದಿನ ನೆಗೆಣ್ಣಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ನಳ ತಿಕ್ಕುವ ಸದ್ದು ಗೋಡೆಯಾಚೆ ಕೇಳಿಸುತ್ತಿತ್ತು. ಅವಳು ಮೊದಲಿನಿಂದಲೂ ಹಾಗೆಯೇ. ಅವಳ ಹಿತ್ತಲು ನನ್ನ ಅಡುಗೆಮನೆಗಿಂತ ಸ್ವಚ್ಛ. ಅತ್ತೆ ಇದ್ದಾಗ, ಸಣ್ಣ ಸೊಸೆಯ ಕೈ ನೋಡಿ ಕಲಿ ಎಂದು ನನಗೆ ಹೇಳಿದ್ದರು. ಹಿರಿಯ ಸೊಸೆಗೆ ಹೇಳುವ ಮಾತೇ ಅದು?

ಮರುದಿನ ಓಣಿಯೆಲ್ಲ ಅವಳ ಬಾಗಿಲ ಮುಂದೆ ನೆರೆದಿತ್ತು. ನಾನು ಹೋಗಲಿಲ್ಲ. ಅವಳ ಮೆರವಣಿಗೆ ನಾನೇಕೆ ನೋಡಲಿ? ಬಾಗಿಲು ಮುಂದೆ ಮಾಡಿಕೊಂಡು ಶೇಂಗಾ ಸುಲಿಯುತ್ತ ಕುಳಿತೆ. ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ನಳ ಇರುವುದು ಅವಳ ಒಳಮನೆಯಲ್ಲಿ, ದೇವರ ಮಾಡದ ಪಕ್ಕದಲ್ಲಿ. ಅಲ್ಲಿಗೆ ಚಪ್ಪಲಿ, ಬೂಟು ಮೆಟ್ಟಿಕೊಂಡು ಹೋಗುವಂತಿಲ್ಲ. ಬಂದವರೆಲ್ಲ ಲಾಡಿ ಕಟ್ಟುವ ಬೂಟು ಹಾಕಿದ್ದರು. ನಮ್ಮ ವಕೀಲರು ಕಳಿಸಿದ ಜೂನಿಯರನೂ ಬೂಟಿನವನೇ. ಲಾಡಿ ಬಿಚ್ಚುವ ಬೇಸರಕ್ಕೆ ಯಾರೂ ಹೊಸ್ತಿಲು ದಾಟಲಿಲ್ಲ. ಬಾಟಲಿಗೆ ಚೀಟಿ ಅಂಟಿಸಿ, ಅದರ ಮೇಲೆ ಅವಳ ಹೆಸರು ಬರೆದು, ಒಳಗೆ ಹೋಗಿ ತುಂಬಿಕೊಂಡು ಬನ್ನಿ ಎಂದು ಅವಳ ಕೈಗೇ ಕೊಟ್ಟರು. ಅವಳು ತುಂಬಿಕೊಂಡು ಬಂದಳು. ಚಹಾ ಕುಡಿದು ಎಲ್ಲರೂ ಹೋದರು.

ಕೆಲವು ದಿನಗಳ ಮೇಲೆ ವರದಿ ಬಂತು. ನೀರು ಕುಡಿಯಲು ಯೋಗ್ಯವಾಗಿದೆ.

ಓಣಿ ದಂಗುಬಡಿಯಿತು. ಹಾಗಾದರೆ ನಮ್ಮ ನಳದಲ್ಲಿ ನಾರುವುದು ಏನು? ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಒಬ್ಬರು, ದುಡ್ಡು ತಿಂದಿದ್ದಾರೆ ಎಂದು ಇನ್ನೊಬ್ಬರು. ವಕೀಲರು ಫೋನಿನಲ್ಲಿ, ಇನ್ನು ಕೇಸು ನಿಲ್ಲುವುದು ಕಷ್ಟ ಎಂದರಂತೆ. ಅಂದು ಸಂಜೆ ನೆಗೆಣ್ಣಿ ಹಿತ್ತಲ ಬಾಗಿಲಿನಿಂದ ನನ್ನ ಅಡುಗೆಮನೆಗೆ ಬಂದಳು. ಗೋಡೆ ಎದ್ದ ಮೇಲೆ ಅವಳು ಆ ಬಾಗಿಲಿನಿಂದ ಬಂದದ್ದು ನನಗೆ ನೆನಪಿಲ್ಲ. ನಾನು ಕೂರೆಂದು ಹೇಳಲಿಲ್ಲ, ಅವಳೇ ನೆಲದ ಮೇಲೆ ಕುಳಿತಳು.

“ಅಕ್ಕಾರ, ಬಾಟ್ಲಿ ಮ್ಯಾಲ ನನ್ನ ಹೆಸರ ಬರದಿದ್ರು” ಎಂದಳು. “ಅಷ್ಟ ಮಂದಿ ಬಾಗಲದಾಗ ನಿಂತಿತ್ತು. ನನ್ನ ಹೆಸರಿನ ಬಾಟ್ಲ್ಯಾಗ ಗಟಾರದ ನೀರ ತುಂಬಿಕೊಂಡು ಹ್ಯಾಂಗ ಹೊರಗ ಬರ್ಲಿ? ಕೈ ಏಳಲಿಲ್ರಿ. ಹಂಡ್ಯಾನ ನೀರ ಹಾಕಿ ಕೊಟ್ಟೆ.”

ಹಂಡೆಯ ನೀರು ಎಂದರೆ ಧೋತರದಲ್ಲಿ ಸೋಸಿ, ತುರಟಿ ಆಡಿಸಿ, ಕುದಿಸಿ ಆರಿಸಿದ ನೀರು. ಮನೆಗೆ ಬಂದವರಿಗೆ ಕೊಡುವ ನೀರು. ಮಾಡದ ದೇವರಿಗೆ ಏರಿಸುವ ನೀರು. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸಂತೋಷ. ಇದನ್ನು ಬಚ್ಚಿಡುವುದೇಕೆ? ಧೈರ್ಯದ ಹೆಣ್ಣುಮಗಳು, ಬೆಣ್ಣೆಯಂಥ ಮರಾಠಿ, ಥಳಥಳಿಸುವ ನಳ, ಎಲ್ಲ ನನ್ನ ಅಡುಗೆಮನೆಯ ನೆಲದ ಮೇಲೆ ತಲೆ ತಗ್ಗಿಸಿ ಕುಳಿತಿದ್ದವು. ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಆ ಸುಖ ಇತ್ತು. ಆಮೇಲೆ, ಕೇಸು ಹೋದರೆ ಹೋಗುವುದು ಅವಳ ಹೆಸರಲ್ಲ, ನನ್ನ ಮಗಳ ವರ್ಷ ಎಂಬುದು ತಲೆಗೆ ಹತ್ತಿತು. ಕುಡಿಯಲು ಯೋಗ್ಯವಾದ ನೀರು ಕುಡಿದು ನನ್ನ ಮಗಳು ಸುಮ್ಮನೆ ಹಳದಿಯಾಗಿ ಮಲಗಿದಳು ಎಂದು ಸರಕಾರಿ ಕಾಗದದಲ್ಲಿ ಉಳಿಯುತ್ತದೆ.

“ಕೋರ್ಟಿನ್ಯಾಗ ನೀನ ಹೇಳು” ಎಂದೆ. “ನೀ ಹೇಳಲಿಲ್ಲಂದ್ರ ನಾ ಹೇಳ್ತೇನಿ.”

ಅವಳು ತಲೆಯಾಡಿಸಿ ಎದ್ದು ಹೋದಳು. ಅವಳು ಹೇಳಲಾರಳು ಎಂದು ನನಗೆ ಅರ್ಧ ನಂಬಿಕೆ ಇತ್ತು. ಹೇಳಿದರೆ ನಾಲ್ಕು ಜನರ ಮುಂದೆ ಮುಖ ಕಪ್ಪಾಗುತ್ತದೆ, ಹೇಳದಿದ್ದರೆ ಆ ಮಾತು ನನಗೆ ಬರುತ್ತದೆ. ಎರಡರಲ್ಲಿ ಯಾವುದಾದರೂ ನನಗೆ ನಡೆಯುತ್ತಿತ್ತು.

ಆ ತಾರೀಖಿಗೆ ನಾನೂ ಹೋದೆ. ಕೋರ್ಟಿನಲ್ಲಿ ಹಿಂದಿನ ಬೆಂಚು ನಮ್ಮ ‘ಇತರರ’ ಬೆಂಚು. ಮಗಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ನೆಗೆಣ್ಣಿ ಸಾಕ್ಷಿ ಹೇಳುವ ಪಿಂಜರದಲ್ಲಿ ನಿಂತು ಮರಾಠಿಯಲ್ಲಿ ಶುರು ಮಾಡಿದಳು. ನೀರು ಯಾವುದು, ಎಲ್ಲಿಂದ ತುಂಬಿದಳು, ಏಕೆ ತುಂಬಿದಳು ಎಂದು ಹೇಳಿದಳು. ಎದುರು ವಕೀಲರು ಎದ್ದು, ಆಗ ಸುಳ್ಳು ನೀರು ಕೊಟ್ಟವರು ಈಗ ಹೇಳುವುದು ನಿಜವೆಂದು ಹೇಗೆ ನಂಬುವುದು ಎಂದರು. ಅವಳ ಮರಾಠಿ ಅಲ್ಲಿಗೆ ನಿಂತಿತು. ಬೆಣ್ಣೆ ಕರಗಿತು ಎಂದುಕೊಂಡು ನಾನು ಮುಂದಕ್ಕೆ ಬಾಗಿ ನೋಡಿದೆ. ಅವಳು ಕಟ್ಟಿಗೆಯ ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡು ಕನ್ನಡದಲ್ಲಿ ಮಾತಾಡಿದಳು.

“ನನ್ನ ಮಾನ ಹೋಗ್ಲಿರಿ ಸಾಹೇಬ್ರ. ಗ್ವಾಡಿ ಆಚಿಕಡೆ ನಮ್ಮ ಮನಿ ಮಗಳು ಹಳದ್ಯಾಗಿ ಮಲಗಿದ್ಲು. ನಾ ಕಣ್ಣಿಲೆ ನೋಡೇನಿ. ಈ ನೀರು ಆಕಿದೊಂದು ವರ್ಷ ತಿಂದೈತ್ರಿ.”

ಅದು ನನ್ನ ಮಾತು. ಒಲೆಯ ಮುಂದೆ ನಾನು ಹೊಂದಿಸಿಟ್ಟ ಮಾತು, ಈ ನೀರು ನನ್ನ ಮಗಳ ಒಂದು ವರ್ಷ ತಿಂದೈತಿ ಎಂಬುದು. ಗೋಡೆಗೆ ಕಿವಿ ಇರಬೇಕು, ಇಲ್ಲವೆ ಕಂಡವರಿಗೆಲ್ಲ ಅದೇ ಮಾತು ಹೊಳೆಯುತ್ತಿರಬೇಕು. ಕೋರ್ಟಿನ ಒಬ್ಬ ಕಾರಕೂನ ಅದನ್ನು ಮರಾಠಿಗೆ ತಿರುಗಿಸಿ ಹೇಳಿದ. ಸಾಹೇಬರು ಬರೆಯುವುದನ್ನು ನಿಲ್ಲಿಸಿ, ಯಾವ ಹುಡುಗಿ ಎಂದು ಕೇಳಿದರು. ಮಗಳು ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು, ಕಾಕುವನ್ನು ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ಹೆತ್ತವಳು ಯಾರೆಂದು ಯಾರೂ ಕೇಳಲಿಲ್ಲ.

ಹೊಸದಾಗಿ ಪರೀಕ್ಷೆ ಆಗಬೇಕು, ಬೇರೆ ಬೇರೆ ಮನೆಗಳಿಂದ ನೀರು ತೆಗೆಯಬೇಕು, ತೆಗೆಯುವವರೇ ಒಳಗೆ ಹೋಗಿ ತುಂಬಬೇಕು ಎಂದು ಆಯಿತು. ಈ ಸಲ ಬೂಟು ಬಿಚ್ಚಿದರು. ನೀರು ಕುಡಿಯಬಾರದ್ದು ಎಂಬ ವರದಿ ಬಂತು. ಪೇಪರಿನಲ್ಲಿ ಮತ್ತೆ ಅವಳ ಫೋಟೋ. ಈ ಸಲ ಪ್ರಾಮಾಣಿಕ ಹೆಣ್ಣುಮಗಳು ಎಂದು ಬರೆದಿದ್ದರು. ಸುಳ್ಳು ನೀರು ಕೊಟ್ಟು ಪ್ರಾಮಾಣಿಕಳಾದವಳನ್ನು ನಾನು ಬೇರೆ ಕಂಡಿಲ್ಲ. ಮಗಳು ಅದನ್ನೂ ಕತ್ತರಿಸಿ ಮೊದಲಿನದರ ಪಕ್ಕದಲ್ಲಿ ಅಂಟಿಸಿದಳು.

ಅಂದು ನಾನು ತಡೆದುಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ, ಅರಿವೆ ಒಣಹಾಕುತ್ತಿದ್ದವಳಿಗೆ ಕುಳ್ಳ ಗೋಡೆಯ ಮೇಲಿಂದಲೇ ಕೇಳಿದೆ.

“ನಮ್ಮ ಮನಿ ಮಗಳು ಅಂತ ಹ್ಯಾಂಗ ಅಂದಿ? ಆಕಿ ನನ್ನ ಮಗಳು. ಆ ಮಾತು ನಾ ಹೇಳಬೇಕಾಗಿತ್ತು.”

ಅವಳು ಹಿಂಡಿದ ಸೀರೆಯನ್ನು ಹಗ್ಗದ ಮೇಲೆ ಹರವಿ, ಅಂಚು ಜಗ್ಗಿ ಸರಿಮಾಡಿ, ಆಮೇಲೆ ನನ್ನ ಕಡೆ ತಿರುಗಿದಳು.

“ಹೇಳ್ರಿ ಅಕ್ಕಾರ” ಎಂದಳು. “ಮೊದಲನೇ ಹೆಸರ ಒಮ್ಮಿ ಸುಳ್ಳ ಮಾಡೇತಿ ಅಂತ ಎದುರಿನವ್ರು ಬಿಡವಲ್ರು. ಬ್ಯಾರೇ ಹೆಸರ ಹಾಕೂಣು ಅಂತ ವಕೀಲ್ರಿಗೆ ನಾನ ಹೇಳೇನಿ. ನಳ ನಿಮ್ಮ ಹೆಸರಿಗೆ ಮಾಡಿ ಕೊಡ್ತೇವಿ. ಇವ್ರನ್ನೂ ಕೇಳೇನಿ, ಹೂಂ ಅಂದಾರ.”

ಜಗಳಕ್ಕೆ ಬಂದವಳಿಗೆ ಉಡಿ ತುಂಬಿ ಕಳಿಸಿದಂತಾಯಿತು. ಅವಳ ಸೀರೆ ನೆಲಕ್ಕೆ ಹತ್ತುತ್ತಿದೆ ಎಂದು ಹೇಳಿ ಒಳಗೆ ಬಂದೆ. ಸೀರೆ ನೆಲಕ್ಕೆ ಹತ್ತುತ್ತಿರಲಿಲ್ಲ.

ನಳ ನನ್ನ ಹೆಸರಿಗಾಯಿತು. ಕೋರ್ಟು ಒಪ್ಪಿ, ಕಾಗದದಲ್ಲಿ ಅವಳ ಹೆಸರು ಹಿಂದೆ ಸರಿದು ನನ್ನ ಹೆಸರು ಮುಂದೆ ಬಂತು. ಇನ್ನೊಬ್ಬರು ಉಟ್ಟು ಬಿಟ್ಟ ಸೀರೆ ಅನ್ನಿಸುತ್ತಿತ್ತು, ಆದರೆ ದಡಿ ಚೆನ್ನಾಗಿದ್ದ ಸೀರೆ; ಉಡದೆ ಬಿಡಲೂ ಮನಸ್ಸಿಲ್ಲ. ಮೊದಲ ತಾರೀಖಿಗೆ ನಾನೂ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದೆ. ಮಗಳನ್ನು ಬಾ ಎಂದು ಕರೆದೆ, ಹಸಿವಾದರೆ ಇರಲಿ ಎಂದು ಶೇಂಗಾ ಹುರಿದು ಪೊಟ್ಟಣ ಕಟ್ಟಿ ಅವಳ ಚೀಲದಲ್ಲಿ ಇಟ್ಟೆ. ನೆಗೆಣ್ಣಿಯೂ ಬಂದಳು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು, ಮಗಳು ನಡುವೆ.

ಕೋರ್ಟಿನ ಪಟ್ಟೇವಾಲಾ ನನ್ನ ಹೆಸರನ್ನು ಪೂರ್ತಿ, ಅಡ್ಡಹೆಸರು ಸಮೇತ, ಗಟ್ಟಿಯಾಗಿ ಕೂಗಿದ. ‘ಮತ್ತು ಇತರರು’ ಎಂದ. ನನ್ನ ಹೆಸರನ್ನು ಯಾರೂ ಹಾಗೆ ಕೂಗಿದ್ದಿಲ್ಲ. ನಾನು ಮೊದಲು ಸೊಸೆ, ಆಮೇಲೆ ಅಕ್ಕ, ಆಮೇಲೆ ಇಂಥವಳ ಆಯಿ. ಮುಂದೆ ಹೋಗಿ ವಕೀಲರ ಪಕ್ಕದಲ್ಲಿ ನಿಂತೆ. ಎದುರು ವಕೀಲರಿಗೆ ಇನ್ನೂ ಕಾಗದ ಬರಬೇಕಾಗಿತ್ತಂತೆ. ಸಾಹೇಬರು ಮುಂದಿನ ತಾರೀಖು ಬರೆಯುತ್ತಿದ್ದರು. ನನ್ನ ಮಾತು ನಾಲಗೆಯ ತುದಿಯಲ್ಲಿತ್ತು, ಈ ದಿನ ಅದನ್ನು ಕೇಳುವವರಿರಲಿಲ್ಲ. ಮಗಳಾದರೂ ನೋಡುತ್ತಿದ್ದಾಳೆಯೇ ಎಂದು ಹಿಂದೆ ತಿರುಗಿದೆ.

ಹಿಂದಿನ ಬೆಂಚಿನಲ್ಲಿ ಅವಳು ಕಾಕುವಿನ ಹೆಗಲಿಗೆ ತಲೆ ಆನಿಸಿ ಕುಳಿತಿದ್ದಳು. ಕಾಕುವಿನ ಸೆರಗಿನ ಮರೆಯಲ್ಲಿ ನಾನು ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿ ಇಬ್ಬರೂ ಯಾರಿಗೂ ಕಾಣದಂತೆ ಶೇಂಗಾ ತಿನ್ನುತ್ತಿದ್ದರು. ನೆಗೆಣ್ಣಿ ಏನೋ ಪಿಸುಗುಟ್ಟಿದಳು, ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳ ಇನ್ನೊಂದು ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಇತ್ತು. ನಾನು ಅಲ್ಲಿಗೆ ಹೋಗುವಂತಿರಲಿಲ್ಲ. ಈಗ ನನ್ನದು ಮೊದಲ ಹೆಸರು.